ಹಾಸ್ಟೆಲಿನ ಕೆಳಗಿನ ನೆಲ ಯಾರದು?

ದಲಿತ ವಿಮರ್ಶೆಯ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಸಂಪಾದಕರು ಕೇಳಿದಾಗ ಭೂಮಿಯ ಬಗ್ಗೆ ಬರೀತೀನಿ ಅಂದೆ. ‘ಕಾವ್ಯದಲ್ಲಿ ಭೂಮಿಯ ಪ್ರತಿಮೆ ಅಂತಲಾ?’ ಎಂದು ಕೇಳಿದರು. ಅಲ್ಲ, ಸರ್ವೆ ನಂಬರು ಇರೋ ಭೂಮಿ, ಪಹಣಿ ಇರೋ ಭೂಮಿ ಅಂದೆ. ಅವರು ನಕ್ಕರು. ಆ ನಗುವಿನಲ್ಲಿ ನಮ್ಮ ವಿಮರ್ಶೆಯ ಒಂದು ಕೊರತೆ ಇದೆ ಎಂದು ನನಗೆ ಅನ್ನಿಸಿತು. ಈ ಲೇಖನ ಆ ಕೊರತೆಯ ಬಗ್ಗೆ.

ದಲಿತ ಸಾಹಿತ್ಯದ ಅನುಭವ, ಆಕ್ರೋಶ, ಭಾಷೆಗಳ ಬಗ್ಗೆ ನಾವು ಬೇಕಾದಷ್ಟು ಚರ್ಚೆ ಮಾಡಿದ್ದೇವೆ. ಆದರೆ ಈ ಸಾಹಿತ್ಯ ಹುಟ್ಟಿದ್ದು ಯಾವ ಕಟ್ಟಡದಲ್ಲಿ ಎಂದು ಕೇಳಿದವರು ಕಡಿಮೆ. ಬಹುಪಾಲು ಅದು ಹುಟ್ಟಿದ್ದು ಹಾಸ್ಟೆಲುಗಳಲ್ಲಿ. ಸಿದ್ಧಲಿಂಗಯ್ಯನವರ ‘ಊರುಕೇರಿ’ಯಿಂದ ಹಾಸ್ಟೆಲನ್ನು ತೆಗೆದುಬಿಟ್ಟರೆ ಆ ಕಥನ ಅರ್ಧಕ್ಕೇ ನಿಲ್ಲುತ್ತದೆ. ಕೇರಿಯ ಹುಡುಗನಿಗೆ ಎರಡು ಹೊತ್ತಿನ ಮುದ್ದೆ, ಒಂದು ಬಲ್ಬು, ಪಕ್ಕದಲ್ಲಿ ಕೂತು ಓದುವ ಇನ್ನೊಬ್ಬ ಹುಡುಗ, ಇಷ್ಟು ಸಿಕ್ಕಿದ್ದರಿಂದ ಒಂದು ತಲೆಮಾರು ಬರೆಯಿತು. ಹೆಂಡದಂಗಡಿ ಬೇಡ, ವಸತಿ ಶಾಲೆ ಕೊಡಿ ಎಂದು ನಮ್ಮ ಚಳವಳಿ ಬೀದಿಯಲ್ಲಿ ಕೂಗಿದ್ದು ಈ ಅರಿವಿನಿಂದಲೇ. ಹಾಗಾದರೆ ಆ ಹಾಸ್ಟೆಲು ನಿಂತ ನೆಲ ಯಾರದು? ಅದನ್ನು ನಡೆಸುವ ದುಡ್ಡು ಎಲ್ಲಿಂದ ಬರುತ್ತದೆ? ನಾಳೆಯೂ ಬರುತ್ತದೆ ಅನ್ನುವುದಕ್ಕೆ ಏನು ಖಾತ್ರಿ?

ನನ್ನದೇ ಕತೆಯಿಂದ ಶುರು ಮಾಡುತ್ತೇನೆ. ನಾನು ಹೈಸ್ಕೂಲು ಓದಿದ್ದು ತಾಲ್ಲೂಕು ಕೇಂದ್ರದ ಒಂದು ಸರ್ಕಾರಿ ಹಾಸ್ಟೆಲಿನಲ್ಲಿ. ಹಾಸ್ಟೆಲು ಅಂದರೆ ಹಳೆಯ ಅಕ್ಕಿ ಗೋದಾಮು. ಸಾಹುಕಾರರೊಬ್ಬರ ಬಾಡಿಗೆ ಕಟ್ಟಡ. ಐವತ್ತು ಹುಡುಗರಿಗೆ ಎರಡು ಕೋಣೆ. ಬಾಡಿಗೆ ಬಾಕಿಯಾದಾಗಲೆಲ್ಲ ಸಾಹುಕಾರರು ಬಾವಿಗೆ ಬೀಗ ಹಾಕಿಸುತ್ತಿದ್ದರು. ಒಂದು ಬೇಸಿಗೆಯಲ್ಲಿ ಮೂರು ದಿನ ನಾವು ಕೆರೆಯಿಂದ ನೀರು ಹೊತ್ತೆವು. ವಾರ್ಡನ್ನು ‘ನಿಮ್ಮ ಹಾಸ್ಟೆಲಿಗೆ ಅಂತಲೇ ಊರಾಚೆ ಎರಡು ಎಕರೆ ಜಾಗ ಇದೆ ಕಣ್ರೋ, ಕಟ್ಟಡ ಬರ್ತದೆ’ ಅನ್ನುತ್ತಿದ್ದರು. ನಾವು ಭಾನುವಾರ ಆ ಜಾಗಕ್ಕೆ ಹೋಗಿ ಕಬಡ್ಡಿ ಆಡಿ ಬರುತ್ತಿದ್ದೆವು. ನಮ್ಮ ಜಾಗ ಅಂತ ನಾವು ನಂಬಿದ್ದ ಮೊದಲನೆಯ ಜಾಗ ಅದು.

ಕಟ್ಟಡ ಬರಲಿಲ್ಲ. ಮೂವತ್ತು ವರ್ಷದ ಮೇಲೆ ನಾನು ಅಲ್ಲಿಗೆ ಹೋದಾಗ ಆ ಜಾಗದಲ್ಲಿ ಒಂದು ಕಲ್ಯಾಣ ಮಂಟಪ, ಅದರ ಮುಂದೆ ಐದಾರು ಅಂಗಡಿ ಮಳಿಗೆ ಇದ್ದವು. ಹಾಸ್ಟೆಲು ಇನ್ನೊಂದು ಬಾಡಿಗೆ ಕಟ್ಟಡಕ್ಕೆ ಹೋಗಿತ್ತು. ಯಾರೋ ಗೂಂಡಾಗಳು ರಾತ್ರೋರಾತ್ರಿ ಬೇಲಿ ಹಾಕಿದ್ದಲ್ಲ. ಎಲ್ಲವೂ ಕಾಗದದ ಮೇಲೇ ನಡೆದಿತ್ತು. ಒಬ್ಬ ಅಧಿಕಾರಿಯ ಆದೇಶದಿಂದ ಮೀಸಲಾಗಿದ್ದ ಜಾಗ ಇನ್ನೊಬ್ಬ ಅಧಿಕಾರಿಯ ಆದೇಶದಿಂದ ಮೀಸಲು ಕಳೆದುಕೊಂಡಿತ್ತು. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 71ನೇ ಕಲಮು ಸಾರ್ವಜನಿಕ ಉದ್ದೇಶಕ್ಕೆ ಜಮೀನು ಕಾಯ್ದಿರಿಸುವ ಅಧಿಕಾರವನ್ನು ಜಿಲ್ಲಾಧಿಕಾರಿಗೆ ಕೊಡುತ್ತದೆ. ಅವರ ಅನುಮತಿ ಇದ್ದರೆ ಬೇರೆ ಉದ್ದೇಶಕ್ಕೂ ಬಳಸಬಹುದು. ಒಂದು ರುಜುವಿನಿಂದ ಬಂದದ್ದು ಇನ್ನೊಂದು ರುಜುವಿನಿಂದ ಹೋಯಿತು. ಕಬಡ್ಡಿ ಆಡಿದ ಹುಡುಗರನ್ನು ಯಾರೂ ಕೇಳಲಿಲ್ಲ, ಕೇಳಬೇಕಾದ ಕಾನೂನೂ ಇರಲಿಲ್ಲ.

2

ಇಲ್ಲಿ ಮೂರು ಮಾತುಗಳನ್ನು ಬಿಡಿಸಿ ನೋಡಬೇಕು. ಮಂಜೂರಾತಿ, ಮೀಸಲು, ಟ್ರಸ್ಟು. ನಮ್ಮ ಹೋರಾಟದ ಭಾಷೆಯಲ್ಲಿ ಇವು ಮೂರೂ ಕಲಸಿಹೋಗಿವೆ.

ಮಂಜೂರಾತಿ ಅಂದರೆ ಸರ್ಕಾರ ಒಂದು ಕುಟುಂಬಕ್ಕೆ ಜಮೀನು ಕೊಡುವುದು. ಸಾಗುವಳಿ ಚೀಟಿ ಬರುತ್ತದೆ, ಪಹಣಿಯಲ್ಲಿ ಹೆಸರು ಕೂರುತ್ತದೆ. ಮೀಸಲು ಅಂದರೆ ಜಮೀನು ಸರ್ಕಾರದ್ದೇ, ಉದ್ದೇಶ ಮಾತ್ರ ಬರೆದಿಟ್ಟದ್ದು. ಗೋಮಾಳ, ಸ್ಮಶಾನ, ಶಾಲೆ, ಹಾಸ್ಟೆಲು ಹೀಗೆ. ಟ್ರಸ್ಟು ಇವೆರಡಕ್ಕಿಂತ ಬೇರೆ. ಅಲ್ಲಿ ಜಮೀನಿನ ಒಡೆತನ ಒಬ್ಬರ ಕೈಲಿ, ಅದರ ಪ್ರಯೋಜನ ಇನ್ನೊಬ್ಬರದು. ಕೈಲಿಟ್ಟುಕೊಂಡವನು ಯಜಮಾನನಲ್ಲ, ಕಾವಲುಗಾರ. ಅವನಿಗೆ ಮೂರು ಕಟ್ಟುಪಾಡು ಇರುತ್ತವೆ. ಮೊದಲನೆಯದು, ನೆಲ ಮಾರುವ ಹಾಗಿಲ್ಲ. ಮಾರಲೇಬೇಕಾಗಿ ಬಂದರೆ ಬಂದ ಹಣವೇ ನೆಲದ ಜಾಗದಲ್ಲಿ ಇಡಿಗಂಟಾಗಿ ಉಳಿಯಬೇಕು. ಎರಡನೆಯದು, ಹುಟ್ಟುವಳಿಯನ್ನು ಮಾತ್ರ ಖರ್ಚು ಮಾಡಬೇಕು, ಅದೂ ಗೊತ್ತುಪಡಿಸಿದವರಿಗೆ ಮಾತ್ರ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಕಾವಲುಗಾರ ತಪ್ಪಿದರೆ ಫಲಾನುಭವಿ ಕೋರ್ಟಿಗೆ ಹೋಗಿ ಲೆಕ್ಕ ಕೇಳಬಹುದು. ಮೀಸಲಿನಲ್ಲಿ ನಾವು ಅರ್ಜಿದಾರರು. ಟ್ರಸ್ಟಿನಲ್ಲಿ ನಾವು ಹಕ್ಕುದಾರರು.

ಇದೇನು ಪರದೇಶದ ಮಾತಲ್ಲ. ಬಾಬಾಸಾಹೇಬರು 1947ರಲ್ಲಿ ಪರಿಶಿಷ್ಟ ಜಾತಿಗಳ ಒಕ್ಕೂಟದ ಪರವಾಗಿ ಸಿದ್ಧಪಡಿಸಿದ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ ಮನವಿಯನ್ನು ಇನ್ನೊಮ್ಮೆ ತೆಗೆದು ನೋಡಿ. ಅದರಲ್ಲಿನ ಪ್ರಭುತ್ವ ಸಮಾಜವಾದದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅದರೊಳಗೆ ವಸಾಹತು ಆಯೋಗವೊಂದರ ಪ್ರಸ್ತಾಪವೂ ಇದೆ. ಸರ್ಕಾರದ ಸಾಗುವಳಿಯಾಗದ ಜಮೀನುಗಳನ್ನು ಆ ಆಯೋಗ ಪರಿಶಿಷ್ಟರ ಪ್ರತ್ಯೇಕ ವಸತಿಗಾಗಿ ಟ್ರಸ್ಟಿನ ರೂಪದಲ್ಲಿ ಹಿಡಿದಿಟ್ಟುಕೊಳ್ಳಬೇಕು, ಕೇಂದ್ರ ಸರ್ಕಾರ ಅದಕ್ಕೆ ವರ್ಷಕ್ಕೆ 5 ಕೋಟಿ ರೂಪಾಯಿ ತೆಗೆದಿಡಬೇಕು ಎಂದು. ಅದೇ ಮನವಿಯಲ್ಲಿ ಪರಿಶಿಷ್ಟರ ಉನ್ನತ ಶಿಕ್ಷಣದ ಖರ್ಚನ್ನು ಸರ್ಕಾರಗಳೇ ಹೊರಬೇಕು ಎಂಬ ಬೇಡಿಕೆಯೂ ಇದೆ. ಭೂಮಿ, ಶಿಕ್ಷಣ ಎರಡನ್ನೂ ಅವರು ಸರ್ಕಾರದ ದಯೆಗೆ ಬಿಡದೆ ಸಂವಿಧಾನದೊಳಗೇ ಬರೆಸಬೇಕು ಅಂದಿದ್ದರು. ಸಂವಿಧಾನದಲ್ಲಿ ಅದು ಆ ರೂಪದಲ್ಲಿ ಬರಲಿಲ್ಲ.

ಯಾಕೆ ಅವರಿಗೆ ಈ ‘ಟ್ರಸ್ಟ್’ ಎಂಬ ಮಾತು ಬೇಕಾಯಿತು? ಜಮೀನು ಕೊಟ್ಟ ಹಾಗೆ ಮಾಡಿ ಮನುಷ್ಯನನ್ನು ಕಟ್ಟಿಹಾಕುವ ಪದ್ಧತಿ ಅವರಿಗೆ ಗೊತ್ತಿತ್ತು. ಮಹಾರ್ ವತನ ಅಂದರೆ ಅದೇ. ಊರ ಚಾಕರಿಗೆ ಬದಲಾಗಿ ಒಂದಿಷ್ಟು ತುಂಡು ಭೂಮಿ. ಆ ತುಂಡಿನ ಜೊತೆಗೆ ಅಪ್ಪನ ಚಾಕರಿ ಮಗನಿಗೂ ಬರುತ್ತಿತ್ತು. 1928ರಲ್ಲಿ ಮುಂಬಯಿ ಶಾಸನ ಸಭೆಯಲ್ಲಿ ಅವರು ಈ ವತನದ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದರು. ನಮ್ಮ ಕಡೆ ತೋಟಿ, ತಳವಾರ, ನೀರಗಂಟಿ ಇನಾಮುಗಳೂ ಇದೇ ಜಾತಿಗೆ ಸೇರಿದವು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ಬರುವವರೆಗೆ ಅವು ಉಳಿದವು. ನಮ್ಮಜ್ಜ ಸಾವಿನ ಸುದ್ದಿ ಹೊತ್ತು ಮೂರು ಹರದಾರಿ ನಡೆದದ್ದು ಒಂದು ಎಕರೆ ಚಿಲ್ಲರೆ ತೋಟಿ ಜಮೀನಿಗಾಗಿ. ಅದೂ ಒಂದು ಥರದ ಟ್ರಸ್ಟೇ ಅನ್ನಿ, ಆದರೆ ಫಲಾನುಭವಿ ಊರು, ನಮ್ಮಜ್ಜನಲ್ಲ. ಅಂಬೇಡ್ಕರ್ ಕೇಳಿದ್ದು ಅದನ್ನು ತಲೆಕೆಳಗು ಮಾಡಿ ಅಂತ.

3

ಮಕ್ಕಳ ಹೆಸರಿನಲ್ಲಿ ಭೂಮಿಯನ್ನು ಟ್ರಸ್ಟಾಗಿ ಇಟ್ಟ ದೊಡ್ಡ ಪ್ರಯೋಗ ನಡೆದದ್ದು ಅಮೆರಿಕದಲ್ಲಿ. ಅದನ್ನು ಹೊಗಳಲಿಕ್ಕೆ ಹೇಳುತ್ತಿಲ್ಲ. ಅದರ ಒಳಿತು ಕೆಡುಕು ಎರಡೂ ನಮಗೆ ಪಾಠ.

1785ರ ಭೂ ಕಟ್ಟಳೆಯ ಪ್ರಕಾರ ಅಲ್ಲಿ ಹೊಸ ಪ್ರದೇಶಗಳನ್ನು ಆರು ಮೈಲಿ ಉದ್ದ ಆರು ಮೈಲಿ ಅಗಲದ ಚೌಕಗಳಾಗಿ ಅಳೆದರು. ಒಂದೊಂದು ಚೌಕದಲ್ಲೂ 36 ತುಂಡು, ಒಂದೊಂದು ತುಂಡೂ 640 ಎಕರೆ. ಅದರಲ್ಲಿ 16ನೇ ತುಂಡು ಊರಿನ ಸಾರ್ವಜನಿಕ ಶಾಲೆಗೆ. ಮುಂದೆ ಕೆಲವು ರಾಜ್ಯಗಳಿಗೆ ಎರಡು ತುಂಡು, ಒಣ ಪ್ರದೇಶದ ನ್ಯೂ ಮೆಕ್ಸಿಕೋ, ಆರಿಜೋನಾಗಳಿಗೆ 1910ರ ಕಾಯ್ದೆಯ ಹೊತ್ತಿಗೆ ನಾಲ್ಕು ತುಂಡು ಬಂದವು. ಆ 1910ರ ಕಾಯ್ದೆ ಹಿಂದಿನವಕ್ಕಿಂತ ಬಿಗಿ. ಈ ನೆಲವೂ ಅದರ ಆದಾಯವೂ ಟ್ರಸ್ಟು, ಬೇರೆ ಕೆಲಸಕ್ಕೆ ಬಳಸಿದರೆ ಟ್ರಸ್ಟಿನ ಉಲ್ಲಂಘನೆ ಎಂದು ಅದು ಸ್ಪಷ್ಟವಾಗಿ ಹೇಳಿತು. ಅಷ್ಟು ಬಿಗಿ ಮಾಡಿದ್ದಕ್ಕೆ ಕಾರಣ ಇದೆ. ಮೊದಲು ಭೂಮಿ ಪಡೆದ ರಾಜ್ಯಗಳು ಶಾಲೆಯ ತುಂಡುಗಳನ್ನು ಅಗ್ಗಕ್ಕೆ ಮಾರಿಕೊಂಡಿದ್ದವು. ನೆವಾಡ ರಾಜ್ಯವಂತೂ ಹೆಚ್ಚುಕಡಿಮೆ ಎಲ್ಲವನ್ನೂ ಕಳೆದುಕೊಂಡು ಕೂತಿದೆ.

ನ್ಯೂ ಮೆಕ್ಸಿಕೋ ಬಹುಪಾಲನ್ನು ಮಾರದೆ ಉಳಿಸಿಕೊಂಡಿತು. ಇವತ್ತೂ ಅಲ್ಲಿ ಸುಮಾರು 90 ಲಕ್ಷ ಎಕರೆ ಟ್ರಸ್ಟು ಭೂಮಿ ಇದೆ. ಮೇಯಲು ಗುತ್ತಿಗೆ, ಎಣ್ಣೆ ಮತ್ತು ಅನಿಲದ ರಾಜಧನ, ಇವುಗಳಿಂದ ಬಂದ ಹಣ ಒಂದು ಶಾಶ್ವತ ನಿಧಿಗೆ ಸೇರುತ್ತದೆ. ನಿಧಿಯ ಸರಾಸರಿ ಮೌಲ್ಯದ ನೂರಕ್ಕೆ 5ರಷ್ಟನ್ನು ಮಾತ್ರ ವರ್ಷವರ್ಷ ಖರ್ಚಿಗೆ ಕೊಡುತ್ತಿದ್ದರು. ಇಷ್ಟಿದ್ದೂ ಬಡ ಮಕ್ಕಳ ಸ್ಥಿತಿಯಲ್ಲಿ ಆ ರಾಜ್ಯ ಹಿಂದೆಯೇ ಉಳಿಯಿತು. 2018ರಲ್ಲಿ ಅಲ್ಲಿನ ಒಂದು ನ್ಯಾಯಾಲಯ, ಬಡ ಮಕ್ಕಳಿಗೆ, ಮೂಲನಿವಾಸಿ ಮಕ್ಕಳಿಗೆ, ಇಂಗ್ಲಿಷು ಮನೆಮಾತಲ್ಲದ ಮಕ್ಕಳಿಗೆ, ಅಂಗವಿಕಲ ಮಕ್ಕಳಿಗೆ ಸಂವಿಧಾನ ಹೇಳುವಷ್ಟು ಶಿಕ್ಷಣವನ್ನು ಸರ್ಕಾರ ಕೊಟ್ಟಿಲ್ಲ ಎಂದು ತೀರ್ಪು ಕೊಟ್ಟಿತು. ಅಂಗನವಾಡಿ ವಯಸ್ಸಿನ ಮಕ್ಕಳಿಗೂ ಈ ನಿಧಿಯಿಂದ ಪಾಲು ಕೊಡಿ ಎಂದು ತಾಯಂದಿರು, ಸಂಘಟನೆಗಳು ಹತ್ತು ವರ್ಷಕ್ಕೂ ಮೀರಿ ಹೋರಾಡಿದರು. ಗಂಟು ಕರಗುತ್ತದೆ ಎಂದು ಶಾಸನಸಭೆಯವರು ಮತ್ತೆ ಮತ್ತೆ ತಳ್ಳಿಹಾಕಿದರು. ಕೊನೆಗೆ 2022ರ ನವೆಂಬರಿನಲ್ಲಿ ಸಂವಿಧಾನ ತಿದ್ದುಪಡಿ ಜನರ ಮತಕ್ಕೆ ಬಂತು. ನೂರಕ್ಕೆ ಸುಮಾರು 70 ಮಂದಿ ಒಪ್ಪಿದರು. ಹೆಚ್ಚುವರಿಯಾಗಿ ನಿಧಿಯ ನೂರಕ್ಕೆ 1.25 ಭಾಗ ಹೊರಬರಬೇಕು, ಅದರ ನೂರಕ್ಕೆ 60 ಪುಟ್ಟ ಮಕ್ಕಳಿಗೆ, 40 ಶಾಲೆಗಳಿಗೆ ಅನ್ನುವುದು ನಿಯಮವಾಯಿತು.

ಇದರಲ್ಲಿ ನನಗೆ ಕಂಡದ್ದು ಎರಡು. ನೆಲ ಉಳಿದಿದ್ದರಿಂದ ಜಗಳಕ್ಕೆ ಒಂದು ವಸ್ತು ಉಳಿದಿತ್ತು. ನೆವಾಡದ ಬಡ ಮಕ್ಕಳ ಪರವಾಗಿ ಇಂಥ ಜಗಳ ಆಡಲು ಅಲ್ಲಿ ಈಗ ಅಂಥ ನೆಲವೇ ಇಲ್ಲ. ಎರಡನೆಯದು, ಟ್ರಸ್ಟು ಇದ್ದ ಮಾತ್ರಕ್ಕೆ ದುರ್ಬಲರಿಗೆ ತಲುಪುವುದಿಲ್ಲ. ‘ಎಲ್ಲ ಮಕ್ಕಳಿಗೆ’ ಅನ್ನುವ ಮಾತಿನಲ್ಲಿ ಕೆಲವು ಮಕ್ಕಳು ಕಾಣೆಯಾಗುತ್ತಾರೆ. ಇದು ನಮಗೆ ಹೇಳಿಕೊಡಬೇಕಾದ ಪಾಠವೇನಲ್ಲ.

ಇನ್ನು ಕೆಡುಕು. ಆ 16ನೇ ತುಂಡು ಖಾಲಿ ಇರಲಿಲ್ಲ. ಅದು ಮೂಲನಿವಾಸಿಗಳದ್ದು. ಬಂದೂಕಿನಿಂದ, ಮುರಿದ ಒಪ್ಪಂದಗಳಿಂದ ಕಿತ್ತುಕೊಂಡದ್ದು. ಒಬ್ಬರ ಮಕ್ಕಳ ಶಾಲೆಗೆ ಇನ್ನೊಬ್ಬರ ಮಕ್ಕಳ ನೆಲ. ನಮ್ಮಲ್ಲೂ ‘ಸರ್ಕಾರಿ ಖರಾಬು’ ಅಂತ ಬರೆದ ಕೂಡಲೇ ಅದು ಖಾಲಿ ಅಂತಲ್ಲ. ಅಲ್ಲಿ ಕುರಿ ಮೇಯಿಸುವವರಿದ್ದಾರೆ, ಅಲೆಮಾರಿಗಳ ಗುಡಾರ ಇದೆ, ಆದಿವಾಸಿಯ ಕಾಡುಗೆಣಸು ಇದೆ. ದಲಿತರ ಹೆಸರಿನಲ್ಲಿ ಅವರನ್ನು ಎಬ್ಬಿಸಿದರೆ ನಾವು ಊರಗೌಡರ ಕೆಲಸವನ್ನೇ ಮಾಡಿದ ಹಾಗೆ.

4

ನಮ್ಮಲ್ಲಿ ಇಂಥ ನೆಲ ಎಲ್ಲಿದೆ ಅಂತ ಕೇಳುತ್ತೀರಿ. ಇದೆ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಗೆಳೆಯರನ್ನು ಕೇಳಿ, ‘ಡಿ.ಸಿ. ಮನ್ನಾ’ ಅನ್ನುತ್ತಾರೆ. ಡಿ.ಸಿ. ಅಂದರೆ ಜಿಲ್ಲಾಧಿಕಾರಿ ಅಲ್ಲ, ಡಿಪ್ರೆಸ್ಡ್ ಕ್ಲಾಸಸ್. ಆ ಸೀಮೆ 1956ರವರೆಗೆ ಮದ್ರಾಸಿಗೆ ಸೇರಿತ್ತು. ಬ್ರಿಟಿಷರ ಕಾಲದಲ್ಲಿ ದಲಿತರಿಗೆಂದು ಕಾಯ್ದಿರಿಸಿದ ಜಮೀನು ಅದು. ತಮಿಳುನಾಡಿನ ಪಂಚಮಿ ಭೂಮಿಯ ದಾಯಾದಿ. ಚೆಂಗಲ್ಪಟ್ಟಿನ ಕಲೆಕ್ಟರ್ ಟ್ರೆಮೆನ್‌ಹೀರ್ ಅಲ್ಲಿನ ಪರಯರ ಸ್ಥಿತಿಯ ಬಗ್ಗೆ 1891ರಲ್ಲಿ ಬರೆದ ವರದಿ ಪಂಚಮಿ ಭೂಮಿಗೆ ಕಾರಣವಾಯಿತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ಶಾಲೆ ನಡೆಸಿದಾಗ ದಲಿತರ ವಸತಿಗೂ ನೆಲ ಹುಡುಕಿದರು. ಕೊಲ್ಹಾಪುರದಲ್ಲಿ ಶಾಹು ಮಹಾರಾಜರು 1901ರಿಂದ ಒಂದೊಂದು ಸಮುದಾಯಕ್ಕೂ ಹಾಸ್ಟೆಲು ಆಗುವಂತೆ ನೋಡಿಕೊಂಡರು. ಆ ಕಾಲದವರಿಗೆ ನೆಲವಿಲ್ಲದೆ ಶಾಲೆ ನಿಲ್ಲದು ಅನ್ನುವುದು ಗೊತ್ತಿತ್ತು.

ಈ ಡಿ.ಸಿ. ಮನ್ನಾ ಜಮೀನಿನಲ್ಲಿ ಎಷ್ಟೋ ಭಾಗ ಬೇರೆಯವರ ಕೈಲಿದೆ ಎಂದು ದಲಿತ ಸಂಘಟನೆಗಳು ವರ್ಷಗಟ್ಟಲೆ ಧರಣಿ ಕೂತಿವೆ. ಪಂಚಮಿ ಭೂಮಿ ಕೇಳಿದ್ದಕ್ಕೆ 1994ರ ಅಕ್ಟೋಬರಿನಲ್ಲಿ ಚೆಂಗಲ್ಪಟ್ಟು ಕಡೆಯ ಕಾರಣೈಯಲ್ಲಿ ಪೊಲೀಸರ ಗುಂಡಿಗೆ ಇಬ್ಬರು ದಲಿತರು ಬಲಿಯಾದರು. ಮೀಸಲು ಭೂಮಿ ಅಂದರೆ ಕಾಗದದಲ್ಲಿ ಸುಲಭ, ಕಾಲಿಟ್ಟರೆ ರಕ್ತ.

ಇನ್ನೊಂದು, ನಮ್ಮ ರಾಜ್ಯದ 1978ರ ಪಿ.ಟಿ.ಸಿ.ಎಲ್. ಕಾಯ್ದೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮೀರಿ ಪರಭಾರೆ ಮಾಡಿದರೆ ಅದು ಅಸಿಂಧು, ಉಪವಿಭಾಗಾಧಿಕಾರಿ ಅದನ್ನು ಬಿಡಿಸಿ ಮೂಲ ಮಂಜೂರಾತಿದಾರನಿಗೋ ವಾರಸುದಾರರಿಗೋ ಮರಳಿಸಬೇಕು. 1984ರಲ್ಲಿ ಮಂಚೇಗೌಡ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. 2017ರ ಇನ್ನೊಂದು ತೀರ್ಪು, ಎಷ್ಟೋ ವರ್ಷ ತಡವಾಗಿ ಬಂದರೆ ಕೇಳಲಾಗದು ಎಂದಿತು. ಸಾವಿರಾರು ಅರ್ಜಿಗಳಿಗೆ ಅದು ಕಂಟಕವಾಯಿತು. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನಮ್ಮ ಜನ ತಿಂಗಳುಗಟ್ಟಲೆ ಕೂತರು. 2023ರಲ್ಲಿ ಕಾಲಮಿತಿ ಅನ್ವಯಿಸದು ಎಂಬ ತಿದ್ದುಪಡಿ ಬಂತು. ಈ ಕಾಯ್ದೆಯ ಆತ್ಮ ಟ್ರಸ್ಟಿನದೇ. ಅಪ್ಪ ಕಷ್ಟಕ್ಕೆ ಮಾರಿದರೂ ಮಗಳ ಹಕ್ಕು ಸಾಯುವುದಿಲ್ಲ ಅನ್ನುತ್ತದೆ ಅದು. ಆದರೆ ಕುಟುಂಬದ ಮಟ್ಟಕ್ಕೇ ನಿಲ್ಲುತ್ತದೆ. ಕೇರಿಯ ಎಲ್ಲ ಮಕ್ಕಳದು ಅನ್ನುವ ಆಸ್ತಿ ನಮ್ಮ ಕಾನೂನಿನಲ್ಲಿ ಇನ್ನೂ ಹುಟ್ಟಿಲ್ಲ.

ಬಜೆಟ್ಟು ಇದೆಯಲ್ಲ ಅನ್ನಬಹುದು. 2013ರಲ್ಲಿ ಬಂದ ಎಸ್.ಸಿ.ಎಸ್.ಪಿ., ಟಿ.ಎಸ್.ಪಿ. ಕಾಯ್ದೆ ಜನಸಂಖ್ಯೆಗೆ ತಕ್ಕ ಪಾಲು ಕೊಡಿಸಿತು, ಅದು ದೊಡ್ಡ ಗೆಲುವು. ಆದರೆ ಅದರಲ್ಲೇ 7(ಡಿ) ಅನ್ನುವ ಕಿಂಡಿ ಇತ್ತು. ಎಲ್ಲರಿಗೂ ಹಾಕುವ ರಸ್ತೆಯನ್ನೂ ನಮ್ಮ ಲೆಕ್ಕಕ್ಕೆ ಬರೆಯಬಹುದಿತ್ತು. ಆ ಕಿಂಡಿ ಮುಚ್ಚಲು 2023 ಆಗಬೇಕಾಯಿತು. ಅದೇ ವರ್ಷ ಆ ಹಣವನ್ನು ಗ್ಯಾರಂಟಿ ಯೋಜನೆಗಳ ಲೆಕ್ಕಕ್ಕೆ ತೋರಿಸಿದ್ದರ ಮೇಲೆ ಮತ್ತೆ ಜಗಳ. ಬಜೆಟ್ಟು ವರ್ಷವರ್ಷ ಬೇಡಬೇಕಾದ ಅನ್ನ. ನೆಲ ಹಾಗಲ್ಲ.

5

ಹಾಗಾದರೆ ಏನು ಮಾಡಬೇಕು? ನನಗೆ ತೋಚಿದ್ದನ್ನು ಹೇಳುತ್ತೇನೆ, ತಿದ್ದುವವರು ತಿದ್ದಿ.

ಹಾಸ್ಟೆಲಿಗೆ, ಶಾಲೆಗೆ ಎಂದು ಮೀಸಲಾದ ಜಾಗ, ಪೇಟೆಯಂಚಿನಲ್ಲಿ ಒತ್ತುವರಿಯಿಂದ ಬಿಡಿಸಿದ ಸರ್ಕಾರಿ ಜಾಗ, ಇವುಗಳಲ್ಲಿ ಒಂದು ಪಾಲನ್ನು ಶಾಸನದ ಮೂಲಕವೇ ತಾಲ್ಲೂಕು ಮಟ್ಟದ ಮಕ್ಕಳ ಟ್ರಸ್ಟಿಗೆ ಒಪ್ಪಿಸಬೇಕು. ಆದೇಶದಿಂದ ಕೂಡದು, ಆದೇಶ ಇನ್ನೊಂದು ಆದೇಶಕ್ಕೆ ಬೀಳುತ್ತದೆ. ಮಾರುವಂತಿಲ್ಲ, ಗುತ್ತಿಗೆ ಮಾತ್ರ, ಅದೂ ಅಲ್ಪಾವಧಿಗೆ, ಬಹಿರಂಗ ಹರಾಜಿನಲ್ಲಿ. ನಮ್ಮೂರಿನ ಆ ಮಳಿಗೆಗಳ ಬಾಡಿಗೆ ಹಾಸ್ಟೆಲಿಗೇ ಬರುತ್ತಿದ್ದರೆ ಅಲ್ಲೊಂದು ಲೈಬ್ರರಿ, ರಾತ್ರಿ ಪಾಠದ ಮೇಷ್ಟ್ರು, ಹೆಣ್ಣುಮಕ್ಕಳ ಆಟದ ತಂಡ, ಎಸ್ಸೆಸ್ಸೆಲ್ಸಿ ಫೇಲಾದ ಹುಡುಗರಿಗೆ ಒಂದು ಕಸುಬಿನ ಶಾಲೆ, ಇವೆಲ್ಲ ಯಾರ ಕಾಲೂ ಹಿಡಿಯದೆ ನಡೆಯುತ್ತಿದ್ದವು.

ಇದಕ್ಕೆ ನಮ್ಮವರದೇ ತಕರಾರುಗಳಿವೆ. ಮೊದಲನೆಯದು ನ್ಯಾಯವಾದದ್ದು. ‘ಭೂಮಿ ಇಲ್ಲದ ಕೂಲಿಗೆ ಮೊದಲು ಭೂಮಿ ಕೊಡಿ, ಆಮೇಲೆ ನಿಮ್ಮ ಟ್ರಸ್ಟು’ ಅನ್ನುತ್ತಾರೆ. ಒಪ್ಪುತ್ತೇನೆ. ಉಳಬಲ್ಲ ಜಮೀನು ಉಳುವವರಿಗೇ ಹೋಗಬೇಕು. ಡಿ.ಸಿ. ಮನ್ನಾದ ಹೊಲಗದ್ದೆ ಮನೆಗಳಿಗೆ ಹಂಚಿಕೆಯಾಗಲಿ. ಮಕ್ಕಳ ಹೆಸರು ಹೇಳಿ ತಾಯಂದಿರ ಪಾಲು ಕಸಿಯಬಾರದು. ಟ್ರಸ್ಟಿಗೆ ಬೇಕಾದ್ದು ಹಂಚಲಾಗದ, ಆದರೆ ಬೆಲೆ ಇರುವ ಪೇಟೆ ಜಾಗ. ಅದನ್ನು ತಾನೇ ಈಗ ಪ್ರಬಲರು ತಿನ್ನುತ್ತಿರೋದು. ಬೆಂಗಳೂರು ಸುತ್ತಿನ ಒತ್ತುವರಿಯ ಬಗ್ಗೆ ಎ.ಟಿ. ರಾಮಸ್ವಾಮಿ ಸಮಿತಿ, ಆಮೇಲೆ ವಿ. ಬಾಲಸುಬ್ರಮಣಿಯನ್ ಕಾರ್ಯಪಡೆ ಕೊಟ್ಟ ವರದಿಗಳನ್ನು ಓದಿದರೆ ಸಾಕು.

ಎರಡನೆಯದು, ‘ಟ್ರಸ್ಟು ಅಂದರೆ ಕೊನೆಗೆ ಒಂದು ಮನೆತನದ ಆಸ್ತಿ’ ಎಂಬುದು. ಇದೂ ನಿಜ. ಸೇವೆಗೆಂದು ಪಡೆದ ಜಾಗದಲ್ಲಿ ಡೊನೇಷನ್ನಿನ ಕಾಲೇಜು ಎದ್ದದ್ದನ್ನು ನೋಡಿದ್ದೇವೆ. ನಮ್ಮ ಮುಖಂಡರೂ ದೇವರಲ್ಲ. ಅದಕ್ಕೇ ಕಾವಲುಗಾರರು ಯಾರು ಅನ್ನುವುದು ಮುಖ್ಯ. ಹಾಸ್ಟೆಲಿನಲ್ಲಿ ಓದಿದ ಹಳೆಯ ವಿದ್ಯಾರ್ಥಿಗಳು, ಈಗ ಓದುವ ಮಕ್ಕಳ ತಾಯಂದಿರು, ಅರ್ಧದಷ್ಟು ಹೆಂಗಸರು, ಮೂರು ವರ್ಷಕ್ಕೆ ಬದಲು, ರಕ್ತಸಂಬಂಧಿಗಳು ಒಟ್ಟಿಗೆ ಕೂರುವಂತಿಲ್ಲ. ಪ್ರತಿ ಏಪ್ರಿಲ್ 14ಕ್ಕೆ ಹಾರ ಹಾಕುವ ಮೊದಲು ಲೆಕ್ಕ ಓದಬೇಕು, ಕನ್ನಡದಲ್ಲಿ, ಗಟ್ಟಿಯಾಗಿ.

ಮೂರನೆಯದು, ಟ್ರಸ್ಟಿನ ಆದಾಯ ತೋರಿಸಿ ಸರ್ಕಾರ ಬಜೆಟ್ಟು ಕಡಿತ ಮಾಡೀತು ಎಂಬ ಭಯ. ಆದ್ದರಿಂದ ಈ ಹಣ ಬಜೆಟ್ಟಿನ ಬದಲಿಗಲ್ಲ, ಅದರ ಮೇಲೆ ಎಂದು ಶಾಸನದಲ್ಲೇ ಇರಬೇಕು. ಮಕ್ಕಳನ್ನು ಓದಿಸುವುದು ಪ್ರಭುತ್ವದ ಹೊಣೆ, ಟ್ರಸ್ಟು ಆ ಹೊಣೆಯಿಂದ ಬಿಡುಗಡೆ ಪತ್ರವಲ್ಲ.

ನ್ಯಾಯಾಲಯಗಳಿಗೆ ಇದು ಹೊಸ ಮಾತೇನಲ್ಲ. ನದಿ, ಕಾಡುಗಳನ್ನು ಪ್ರಭುತ್ವ ಜನರ ಪರವಾಗಿ ಟ್ರಸ್ಟಿಯಾಗಿ ಹಿಡಿದಿದೆ ಎಂದು ಸುಪ್ರೀಂ ಕೋರ್ಟು ಕಮಲನಾಥ್ ಪ್ರಕರಣದಲ್ಲಿ ಹೇಳಿದೆ. ಊರೊಟ್ಟಿನ ಜಾಗಗಳ ಒತ್ತುವರಿ ತೆರವು ಮಾಡಿ ಎಂದು 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಭೂಹೀನರಿಗೆ, ಪರಿಶಿಷ್ಟರಿಗೆ ಕೊಟ್ಟದ್ದಕ್ಕೆ, ಶಾಲೆ ಇರುವ ಜಾಗಕ್ಕೆ ವಿನಾಯಿತಿಯ ದಾರಿಯನ್ನೂ ತೆರೆದಿಟ್ಟಿತು. ಹೊಳೆಗೆ ಕಾವಲುಗಾರ ಬೇಕಾದರೆ ಕೇರಿಯ ಮಗುವಿನ ನೆಲಕ್ಕೆ ಯಾಕೆ ಬೇಡ?

ಕೊನೆಗೊಂದು ಮಾತು, ಮುಖ್ಯವಾಗಿ ವಿದ್ಯಾರ್ಥಿ ಗೆಳೆಯರಿಗೆ. ವಿಮರ್ಶೆ ಅಂದರೆ ಪಠ್ಯವನ್ನು ಬಗೆದು ನೋಡುವುದು ಎಂದು ನಮಗೆ ಕಲಿಸಿದ್ದಾರೆ. ಪಹಣಿಯೂ ಒಂದು ಪಠ್ಯ. ನಿಮ್ಮ ಹಾಸ್ಟೆಲಿನ ಸರ್ವೆ ನಂಬರು ಹುಡುಕಿ ಪಹಣಿ ತೆಗೆಸಿ. 9ನೇ ಕಾಲಮಿನಲ್ಲಿ ಯಾರ ಹೆಸರಿದೆ, 11ರಲ್ಲಿ ಯಾವ ಹಕ್ಕು ಯಾವ ಋಣ ಬರೆದಿದೆ, ಹಳೆಯ ಪಹಣಿಗೂ ಹೊಸದಕ್ಕೂ ಎಲ್ಲಿ ವ್ಯತ್ಯಾಸ ಬಂತು, ಯಾವ ಆದೇಶದಿಂದ ಬಂತು ನೋಡಿ. ನಾನು ಅದನ್ನು ಮಾಡಿದ್ದು ತಡವಾಗಿ. ರೆಕಾರ್ಡ್ ರೂಮಿನ ಧೂಳಿನಲ್ಲಿ ಸಿಕ್ಕ ಹಳೆಯ ಪಹಣಿಯಲ್ಲಿ ‘ಹರಿಜನ ವಿದ್ಯಾರ್ಥಿ ನಿಲಯಕ್ಕೆ’ ಎಂದು ನೀಲಿ ಶಾಯಿಯಲ್ಲಿ ಬರೆದಿತ್ತು. ಮುಂದಿನದರಲ್ಲಿ ಆ ಸಾಲು ಇರಲಿಲ್ಲ. ಪಕ್ಕದಲ್ಲಿದ್ದ ಗುಮಾಸ್ತರು ‘ಈಗ ಅದನ್ನ ತಗೊಂಡು ಏನ್ ಮಾಡ್ತೀರಿ ಸಾರ್?’ ಅಂದರು.

ನಕಲು ತಗೊಂಡು ಬಂದಿದ್ದೇನೆ. ಈಗ ಆ ಹಾಸ್ಟೆಲಿನಲ್ಲಿರುವ ಹುಡುಗರಿಗೆ ಅದನ್ನು ತೋರಿಸಿದೆ. ಅವರಲ್ಲೊಬ್ಬ ಎರಡು ಸಲ ಓದಿ, ‘ಹಂಗಾದ್ರೆ ಇದು ನಮ್ದಾ?’ ಎಂದು ಕೇಳಿದ. ಆಗಿತ್ತು ಅಂದೆ. ಮುಂದಿನ ವಾರ ನಾವು ಅರ್ಜಿ ಬರೆಯಲು ಕೂರುತ್ತಿದ್ದೇವೆ.